ಕನ್ನಡಿಯಮ್ಮನ ನೀಲಿ ಗೌನು

ಪತ್ರಿಕೆಗೆ ಸುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯನ್ನು ಅಕ್ಕ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದಾಗ ಫೋನು ಬಂತು. ಕತ್ತರಿ ಹುಡುಕಿ ತರುವಷ್ಟು ತಾಳ್ಮೆ ಈ ಒಂದು ವಿಷಯದಲ್ಲಿ ಅವಳಿಗಿರಲಿಲ್ಲ. ಆ ಪತ್ರಿಕೆಯ ಕೊನೆಯ ಪುಟದಲ್ಲಿ ಅವಳ ತಂಗಿಯ ಅಂಕಣ ಬರುತ್ತಿತ್ತು. ಸಿರಿವಂತ ಹೆಂಗಸರ ಉಡುಪು, ಈ ಋತುವಿನ ಬಣ್ಣ, ಮುಂದಿನ ಋತುವಿನ ತೋಳು, ಯಾವ ಕತ್ತಿಗೆ ಯಾವ ಕೊರಳಪಟ್ಟಿ, ಇಂಥವೇ ವಿಷಯ. ಪಕ್ಕದಲ್ಲಿ ತಂಗಿಯದೇ ಒಂದು ಚಿತ್ರ, ಪ್ರತಿ ಸಲವೂ ಹೊಸ ಉಡುಪಿನಲ್ಲಿ. ಓದುಗರು ಅವಳಿಗೆ ಕನ್ನಡಿಯಮ್ಮ ಎಂದು ಹೆಸರಿಟ್ಟಿದ್ದರು. ಅವಳು ಒಳ್ಳೆಯದು ಎಂದು ಬರೆದರೆ ಅಂಗಡಿ ಖಾಲಿಯಾಗುತ್ತಿತ್ತು, ಹಳೆಯದಾಯಿತು ಎಂದು ಬರೆದರೆ ಆ ಬಟ್ಟೆ ಪೆಟ್ಟಿಗೆಯ ತಳ ಸೇರುತ್ತಿತ್ತು.

ಅಕ್ಕ ಮಾತ್ರ ಹುಟ್ಟಿದಾಗಿನಿಂದ ಒರಟು ಹತ್ತಿಯ ಬಟ್ಟೆ ಬಿಟ್ಟು ಬೇರೊಂದನ್ನು ತೊಟ್ಟವಳಲ್ಲ. ಆದರೂ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು ಒಂದಕ್ಷರ ಬಿಡದೆ ಓದುತ್ತಿದ್ದಳು. ಓದಿ, ದೇವರೇ ಇವಳ ತಲೆ ಕಾಯಬೇಕು, ಎಂದು ತನ್ನಷ್ಟಕ್ಕೆ ನಗುತ್ತಿದ್ದಳು.

ಫೋನಿನಲ್ಲಿ ತಂಗಿಯ ಮಗಳು ದೊಡ್ಡಮ್ಮ ಎಂದಳು, ಇನ್ನೊಮ್ಮೆ ದೊಡ್ಡಮ್ಮ ಎಂದಳು. ಮುಂದಕ್ಕೆ ಮಾತು ಹೊರಡಲಿಲ್ಲ. ಅಷ್ಟರಿಂದಲೇ ಅಕ್ಕನಿಗೆ ತಿಳಿದುಹೋಯಿತು. ತಂಗಿ ಬರೆಯುವ ಮೇಜಿನ ಮೇಲೆ ತಲೆಯಿಟ್ಟಿದ್ದಳಂತೆ. ನಿದ್ದೆಯೆಂದುಕೊಂಡು ಮಗಳು ಕಾಫಿ ತಂದು ಪಕ್ಕದಲ್ಲಿಟ್ಟು ಹೋಗಿದ್ದಳಂತೆ. ಕಾಫಿ ಆರಿದ ಮೇಲೆ ಗೊತ್ತಾಯಿತಂತೆ.

ಅರ್ಧ ಹರಿದ ಹೊದಿಕೆಯನ್ನು ಹಾಗೆಯೇ ಬಿಟ್ಟು ಅಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಳು ಬರಲಿಲ್ಲ. ನನ್ನ ಬೆನ್ನಿಗೆ ಬಿದ್ದವಳನ್ನು ನನಗಿಂತ ಮೊದಲು ಕರೆದೆಯಲ್ಲ ತಂದೆ, ನಿನ್ನ ಸಾಲಿನಲ್ಲಿ ಹಿಂದೆಮುಂದೆ ಎಂಬುದಿಲ್ಲವೇ ಎಂದು ದೇವರನ್ನು ಕೇಳುತ್ತಲೇ ಕೂತಿದ್ದಳು.

*

ಮರುದಿನ ಬೆಳಿಗ್ಗೆ ತಂಗಿಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಖಾಲಿ ಶವಪೆಟ್ಟಿಗೆಯನ್ನು ಎರಡು ಸ್ಟೂಲುಗಳ ಮೇಲೆ ಇಟ್ಟಿದ್ದರು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಮಗಳು, ಮತ್ತು ಶವಕ್ಕೆ ಉಡುಪು ತೊಡಿಸುವ ಕಸುಬಿನ ಹೆಂಗಸು. ಮಧ್ಯಾಹ್ನಕ್ಕೆ ವ್ಯಾನು ಬರುವುದಿತ್ತು.

ಬಂದವರಲ್ಲಿ ಅರ್ಧ ಜನ ನೆಂಟರು, ಅರ್ಧ ಜನ ಅಂಕಣದ ಕಡೆಯವರು. ನೆಂಟರು ಗೋಡೆಗೆ ಒರಗಿ ನಿಂತಿದ್ದರು. ಅಂಕಣದವರು ಕುರ್ಚಿಗಳಲ್ಲಿದ್ದರು. ಅವರ ಮೈಯಿಂದ ಬರುತ್ತಿದ್ದ ಅತ್ತರಿನ ವಾಸನೆಗೆ ಹೂವಿನ ವಾಸನೆ ತಲೆಯೆತ್ತಲಿಲ್ಲ. ಪತ್ರಿಕೆಯ ಸಂಪಾದಕಿ ಛಾಯಾಗ್ರಾಹಕನನ್ನೂ ಕರೆತಂದಿದ್ದಳು. ಕೊನೆಯ ಚಿತ್ರ ಎಂದು ಒಂದು ಇಡೀ ಪುಟ ಖಾಲಿ ಬಿಡಿಸಿದ್ದಾಳಂತೆ.

ಕುರ್ಚಿಯಲ್ಲಿದ್ದ ಒಬ್ಬಳು ಪಕ್ಕದವಳ ಕಿವಿಯಲ್ಲಿ, "ಏನು ತೊಡಿಸ್ತಿರಬಹುದು?" ಎಂದಳು.

"ಬೂದು ಬಣ್ಣದ್ದಂತೂ ಅಲ್ಲ. ಬೂದು ಮುಪ್ಪಿನ ಬಣ್ಣ, ಬೂದಿಗೆ ಮುಂಚೆ ಬೂದು ಯಾಕೆ ಅಂತ ಅವರೇ ಬರೆದಿದ್ರಲ್ಲ."

ಗೋಡೆಯ ಕಡೆಯಿಂದ ಅಕ್ಕತಂಗಿಯರ ಸೋದರಮಾವ ಗೊಣಗಿದ. ಅವನು ತಂಗಿಯನ್ನು ಬದುಕಿನುದ್ದಕ್ಕೂ ಒಂದೇ ಗಾದೆಯಿಂದ ಚುಚ್ಚಿದವನು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ಕಪಾಟು ತೆಗೆದ್ರೆ ಮೈಮೇಲೆ ಬೀಳೋ ಅಷ್ಟಿರಬೇಕು ಬಟ್ಟೆ." ಅಕ್ಕ ಅವನನ್ನು ಒಮ್ಮೆ ನೋಡಿದಳು. ಅವನು ಚಾವಣಿ ನೋಡತೊಡಗಿದ.

ಆಗ ಬಾಗಿಲಲ್ಲಿ ಇನ್ನೊಬ್ಬಳು ಕಾಣಿಸಿಕೊಂಡಳು. ನಡುವಯಸ್ಸು. ಕೈಯಲ್ಲಿ ಹೂವಿರಲಿಲ್ಲ, ಆಳುದ್ದದ ಒಂದು ಬಿಳಿ ಬಟ್ಟೆಯ ಚೀಲವಿತ್ತು, ಅದೂ ಖಾಲಿ. ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಅಕ್ಕನ ಬಳಿಗೆ ಬಂದು, ಅಡುಗೆಮನೆಗೆ ಬರ್ತೀರಾ ಅಮ್ಮಾ ಎಂದು ಕೇಳಿದಳು.

ಅವಳು ಒಬ್ಬ ಹೆಸರಾಂತ ವಿನ್ಯಾಸಗಾರನ ಸಂಸ್ಥೆಯಲ್ಲಿ ಉಡುಪುಗಳ ಉಸ್ತುವಾರಿ. ಅಡುಗೆಮನೆಯ ಬಾಗಿಲು ಮರೆಮಾಡಿಕೊಂಡು ಹೇಳಿದ್ದು ಇಷ್ಟು. ಅಂಕಣದ ಚಿತ್ರಕ್ಕೆಂದು ಒಂದು ನೀಲಿ ರೇಷ್ಮೆ ಗೌನು ಕೊಟ್ಟಿದ್ದಳು. ಅದು ಮಾರಾಟದ್ದಲ್ಲ, ಮಾದರಿಯದು. ಮೈತುಂಬ ಕೈಯಿಂದ ಮಣಿ ಹೊಲಿದದ್ದು, ಜಗತ್ತಿನಲ್ಲಿ ಅದೊಂದೇ ಇರುವುದು. ನಾಳೆ ಬೇರೆ ಊರಿನ ಪ್ರದರ್ಶನದಲ್ಲಿ ಅದೇ ಮೊದಲು ಹೊರಬರಬೇಕು. ಸಂಜೆಯ ವಿಮಾನಕ್ಕೆ ಹೋಗಬೇಕು. ಯಜಮಾನನಿಗೆ ಹೇಳದೆ ತನ್ನ ಮಾತಿನ ಮೇಲೆಯೇ ಕೊಟ್ಟಿದ್ದಳು, ಏಕೆಂದರೆ ಕನ್ನಡಿಯಮ್ಮನಿಗೆ ಕೊಡಲು ಯಾರನ್ನೂ ಕೇಳುವ ರೂಢಿಯಿರಲಿಲ್ಲ. ತೆಗೆದುಕೊಂಡು ಹೋದ ಮರುಬೆಳಗ್ಗೆ ತಪ್ಪದೆ ವಾಪಸು ಬರುತ್ತಿತ್ತು. ಈ ಸಲ ಬರಲಿಲ್ಲ. ಇವತ್ತು ಬೆಳಿಗ್ಗೆ ಮಗಳಿಗೆ ಫೋನು ಮಾಡಿದರೆ, ಅಂಥ ಬಟ್ಟೆ ಈ ಮನೆಯಲ್ಲಿಲ್ಲ ಎಂದಳಂತೆ.

"ಸಾವಿನ ಮನೇಲಿ ಕೇಳಬಾರದು ಅಂತ ನಂಗೂ ಗೊತ್ತು ಅಮ್ಮಾ. ನಿನ್ನೆ ನಾಲಿಗೆ ಏಳಲಿಲ್ಲ," ಎಂದಳು ಉಸ್ತುವಾರಿ. "ಕೆಲಸ ಹೋದ್ರೆ ಹೋಗ್ಲಿ. ಆದ್ರೆ ನನ್ನೊಬ್ಬಳನ್ನೇ ಕಳ್ಳಿ ಅನ್ನಲ್ಲ ಅವರು. ನಿಮ್ಮ ತಂಗಿಯನ್ನೂ ಅಂತಾರೆ. ಹೋಗೋವಾಗ ಎತ್ಕೊಂಡು ಹೋದ್ಲು ಅಂತಾರೆ."

ಬೆಳಿಗ್ಗೆ ಕೋಣೆಯೊಳಗೆ ಇಣುಕಿದಾಗ ಮಂಚದ ಕಾಲುಗಡೆ ನೀಲಿ ರೇಷ್ಮೆ ರಾಶಿಯಾಗಿ ಬಿದ್ದದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು.

*

ಹಿಂದೊಮ್ಮೆ ಅಕ್ಕ ತಂಗಿಯ ಮನೆಯಲ್ಲಿ ಉಳಿದಿದ್ದಾಗ ಅಂಕಣದ ಚಿತ್ರ ತೆಗೆಯುವುದನ್ನು ನೋಡಿದ್ದಳು. ಕಿಟಕಿಯ ಬೆಳಕಿನಲ್ಲಿ ತಂಗಿ ಹಸಿರು ಮಕಮಲ್ಲಿನ ಉಡುಪು ತೊಟ್ಟು ನಿಂತಿದ್ದಳು. ಮುಂದಿನಿಂದ ನೋಡಿದರೆ ರಾಣಿ. ಅಕ್ಕ ಹಿಂದೆ ಹೋಗಿ ನೋಡಿ ಬೆರಗಾದಳು. ಬೆನ್ನು ಪೂರ್ತಿ ಬಿಟ್ಟುಕೊಂಡಿತ್ತು, ಬಟ್ಟೆ ಒಣಗಿಹಾಕುವ ಕ್ಲಿಪ್ಪುಗಳಿಂದ ಅಲ್ಲಲ್ಲಿ ಹಿಡಿದು ನಿಲ್ಲಿಸಿದ್ದರು. ಮಾದರಿಯ ಬಟ್ಟೆ ಕಡ್ಡಿಯಂಥ ಹುಡುಗಿಯರ ಅಳತೆಯದು, ಮಗು ಹೆತ್ತ ಮೈಗೆ ಎಲ್ಲಿ ಬರಬೇಕು.

"ಇದೇನೇ ಇದು?"

"ಓದೋರು ಮುಂದೆ ನಿಂತಿರ್ತಾರೆ ಅಕ್ಕ. ಬೆನ್ನ ಹಿಂದೆ ನೀನೊಬ್ಬಳೇ ಬರೋದು."

ಒಂದು ಚಿತ್ರ ಮುಗಿದು, ಇನ್ನೊಂದಕ್ಕೆ ಬೇಕಾದ ಬೆಳಕು ಬರುವುದು ತಡವಾಯಿತು. ತಂಗಿ ಕಿಟಕಿಯ ಬಳಿ ನಿಂತೇ ಇದ್ದಳು. ಕಾಲು ಬಾತುಕೊಂಡಿತ್ತು. ಕೂತ್ಕೋ ಎಂದು ಅಕ್ಕ ಕುರ್ಚಿ ಎಳೆದರೆ ತಲೆಯಾಡಿಸಿದಳು. ಕೂತರೆ ಸುಕ್ಕು ಬೀಳುತ್ತದೆ. ಎರವಲು ಬಟ್ಟೆಯಲ್ಲಿ ಕೂರಬಾರದು, ಉಣ್ಣಬಾರದು, ಅಳಬಾರದು ಎಂದು ನಕ್ಕಳು. ಬಳಿಗೆ ಓಡಿಬಂದ ಪುಟ್ಟ ಮಗಳನ್ನು ತೋಳುದ್ದ ದೂರದಲ್ಲಿ ಹಿಡಿದು ನಿಲ್ಲಿಸಿದಳು.

*

ಅಕ್ಕ ಬಾಗಿಲು ತಟ್ಟಿ ಒಳಗೆ ಹೋಗಿ, ಹಿಂದಿನಿಂದ ಅಗಳಿ ಹಾಕಿದಳು.

ತಂಗಿ ಮಂಚದ ಮೇಲಿದ್ದಳು. ಗೌನು ಎದೆಯವರೆಗೆ ಏರಿತ್ತು. ಒಂದು ತೋಳು ಒಳಗೆ ಹೋಗಿತ್ತು, ಇನ್ನೊಂದು ಸೆಟೆದು ನಿಂತಿತ್ತು. ತೊಡಿಸುವ ಹೆಂಗಸು ಬೆವರಿದ್ದಳು, ಕೈಯಲ್ಲಿ ದೊಡ್ಡ ಕತ್ತರಿಯಿತ್ತು.

"ಬೆನ್ನು ಸೀಳದೆ ಆಗಲ್ಲಮ್ಮಾ. ನಾವು ಎಲ್ರಿಗೂ ಹಾಗೇ ಮಾಡೋದು. ಮುಂದಿನಿಂದ ಏನೂ ಗೊತ್ತಾಗಲ್ಲ."

"ಸೀಳಿ," ಎಂದಳು ಮಗಳು.

"ಕತ್ತರಿ ಕೆಳಗಿಡಮ್ಮ," ಎಂದಳು ಅಕ್ಕ. ಆಮೇಲೆ ಮಗಳ ಕಡೆ ತಿರುಗಿದಳು. "ಇದರ ವಾರಸುದಾರಳು ಅಡುಗೆಮನೇಲಿ ನಿಂತಿದಾಳೆ. ಇದು ಎರವಲು ಅಂತ ನಿಂಗೆ ಗೊತ್ತಿರಲಿಲ್ವಾ?"

ಮಗಳು ಗೌನಿನ ಅಂಚು ಸರಿಮಾಡಿದಳು. "ಗೊತ್ತಿತ್ತು."

"ಗೊತ್ತಿದ್ದೂ?"

ಮಗಳು ಎದ್ದು ಹೋಗಿ ಕಪಾಟಿನ ಎರಡೂ ಬಾಗಿಲು ತೆರೆದಳು. ಮೈಮೇಲೆ ಬೀಳುವಂಥದ್ದೇನೂ ಅಲ್ಲಿರಲಿಲ್ಲ. ಒಂದೇ ಥರದ ಕೆಲವು ಬೂದು ಬಣ್ಣದ ಫ್ರಾಕುಗಳು ನೇತಾಡುತ್ತಿದ್ದವು. ಪ್ರದರ್ಶನಗಳಿಗೆ ತಂಗಿ ಅವನ್ನೇ ತೊಟ್ಟು ಹೋಗುತ್ತಿದ್ದಳು. ಬರೆಯುವವಳು ಯಾರ ಕಣ್ಣಿಗೂ ಬೀಳಬಾರದು ಎಂಬುದು ಅವಳ ಲೆಕ್ಕ. ಮೇಜಿಗೆ ಒರಗಿ ಒರಗಿ ಎಲ್ಲದರ ಮೊಣಕೈಯೂ ಸವೆದು ಹೊಳೆಯುತ್ತಿತ್ತು. ಉಳಿದದ್ದೆಲ್ಲ ಖಾಲಿ ಹ್ಯಾಂಗರುಗಳು.

"ಇದನ್ನ ತೊಡಿಸಿ ಆಚೆ ಕೂತಿರೋರ ಮುಂದೆ ಮಲಗಿಸ್ಲಾ?" ಮಗಳ ದನಿ ಏರಲಿಲ್ಲ, ಗಟ್ಟಿಯಾಯಿತು. "ಊರಿಗೆಲ್ಲ ಉಡೋದು ಹೇಳಿಕೊಟ್ಟಳು. ಒಂದು ಒಳ್ಳೆ ಬಟ್ಟೆ ಅವಳದು ಅಂತ ಆಗಲಿಲ್ಲ. ಚಿಕ್ಕವಳಿದ್ದಾಗ ಅಪ್ಪಿಕೊಳ್ಳೋಕೆ ಹೋದ್ರೆ, ಮುಟ್ಟಬೇಡ, ನಾಳೆ ವಾಪಸ್ ಕೊಡ್ಬೇಕು ಅನ್ನೋಳು. ನಂಗೆ ಅಮ್ಮನೇ ಎರವಲು ಅನ್ನಿಸ್ತಿತ್ತು ದೊಡ್ಡಮ್ಮ. ಇದೊಂದು ವಾಪಸ್ ಹೋಗಲ್ಲ. ಇದು ಅವಳ ಜೊತೆ ಮಣ್ಣಿಗೆ ಹೋಗತ್ತೆ."

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಸಂಪಾದಕಿಯ ದನಿ. ವ್ಯಾನು ಬರುವ ಹೊತ್ತಾಯಿತು, ಛಾಯಾಗ್ರಾಹಕ ಕಾಯುತ್ತಿದ್ದಾನೆ ಎಂದಳು.

ಮಗಳು ಹಾಸಿಗೆಯ ಮೇಲಿದ್ದ ಕತ್ತರಿಯನ್ನು ತಾನೇ ಎತ್ತಿಕೊಂಡಳು. ತಾಯಿಯ ಭುಜವನ್ನು ಮೆಲ್ಲನೆ ಮಗ್ಗುಲಾಗಿಸಿ, ಗೌನಿನ ಕೊರಳಿನ ಅಂಚಿಗೆ ಕತ್ತರಿಯ ಬಾಯಿ ಇಟ್ಟಳು. ತೊಡಿಸುವ ಹೆಂಗಸು ಒಂದು ಹೆಜ್ಜೆ ಹಿಂದೆ ಸರಿದಳು.

ಅಕ್ಕ ಕೈ ಹಿಡಿಯಲು ಹೋಗಲಿಲ್ಲ. ಹಿಡಿದಿದ್ದರೆ ರೇಷ್ಮೆ ಹರಿಯುತ್ತಿತ್ತು. ತಂಗಿಯ ಕಾಲ ಬಳಿ ಮಂಚದ ಅಂಚಿನಲ್ಲಿ ಕೂತಳು. ತಣ್ಣಗಿದ್ದ ಪಾದದ ಮೇಲೆ ಕೈಯಿಟ್ಟಳು. ಪಾಪಪುಣ್ಯದ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು.

"ನಿಮ್ಮಮ್ಮ ಎರವಲು ಬಟ್ಟೇಲಿ ಒಂದು ದಿನ ಕೂತವಳಲ್ಲ," ಎಂದಳು. "ಕಾಲು ಊದಿಕೊಂಡ್ರೂ ನಿಂತೇ ಇರೋಳು. ಇದನ್ನ ತೊಡಿಸಿ ಕಳಿಸಿದ್ರೆ ಅಲ್ಲೂ ನಿಂತೇ ಇರ್ತಾಳೆ ಕಣೇ. ಅವಳು ಸ್ವಲ್ಪ ಮಲಗ್ಲಿ ಬಿಡು."

ಕತ್ತರಿ ಬಾಯಿ ತೆರೆದುಕೊಂಡೇ ಇತ್ತು. ಹೊರಗೆ ಕುರ್ಚಿ ಎಳೆದ ಸದ್ದಾಯಿತು, ಯಾರೋ ಕೆಮ್ಮಿದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಕತ್ತರಿಸಿದ ಸದ್ದಿಗಾಗಿ ಕಾದಳು.

ಆ ಸದ್ದು ಬರಲಿಲ್ಲ. ಕಣ್ಣು ತೆರೆದಾಗ ಮಗಳು ಕತ್ತರಿ ಬಿಟ್ಟು, ತಾಯಿಯ ಸೆಟೆದ ತೋಳನ್ನು ಎರಡೂ ಕೈಯಿಂದ ಉಜ್ಜುತ್ತಿದ್ದಳು. ಭುಜದಿಂದ ಮೊಣಕೈಗೆ, ಮೊಣಕೈಯಿಂದ ಬೆರಳಿಗೆ. ತೊಡಿಸುವ ಹೆಂಗಸು ಬಂದು ಇನ್ನೊಂದು ತೋಳನ್ನು ಉಜ್ಜತೊಡಗಿದಳು. ತೊಡಿಸಿದ್ದಕ್ಕಿಂತ ಬಿಚ್ಚುವುದು ಕಷ್ಟವಾಯಿತು. ತೋಳು ಕೊನೆಗೂ ರೇಷ್ಮೆಯಿಂದ ಹೊರಬಂದಾಗ ಮಗಳು ತಾಯಿಯನ್ನು ಎದೆಗೆ ಒರಗಿಸಿಕೊಂಡಿದ್ದಳು. ಗೌನು ಪೂರ್ತಿ ಜಾರಿದ ಮೇಲೂ ಬಹಳ ಹೊತ್ತು ಹಾಗೆಯೇ ಹಿಡಿದಿದ್ದಳು. ಅಕ್ಕ ಅವಸರ ಮಾಡಲಿಲ್ಲ.

ಉಸ್ತುವಾರಿ ಒಳಗೆ ಬಂದು ಗೌನನ್ನು ಚೀಲಕ್ಕೆ ಇಳಿಸಿದಳು. ಹೋಗುವ ಮುನ್ನ ಮಂಚದ ಬಳಿ ನಿಂತು ಕೈಮುಗಿದಳು. ಮಗಳು ಅವಳ ಮುಖ ನೋಡಲಿಲ್ಲ, ಆದರೆ ಚೀಲದ ಜಿಪ್ಪು ಸಿಕ್ಕಿಕೊಂಡಾಗ ಬಗ್ಗಿ ಬಿಡಿಸಿಕೊಟ್ಟಳು. ಉಸ್ತುವಾರಿ ಅಡುಗೆಮನೆಯ ಹಿಂಬಾಗಿಲಿನಿಂದ ಇಳಿದು ಹೋದಳು.

ಕಪಾಟಿನಿಂದ ಬೂದು ಫ್ರಾಕು ತಂದರು. ಅದರ ತೋಳೂ ಬಿಗಿಯೇ. ತೊಡಿಸುವ ಹೆಂಗಸು ಅಕ್ಕನ ಮುಖ ನೋಡಿ, "ಇದನ್ನಾದ್ರೂ ಕತ್ತರಿಸ್ಲಾ ಅಮ್ಮಾ?" ಎಂದು ಹೆದರುತ್ತಲೇ ಕೇಳಿದಳು.

"ಕತ್ತರಿಸು. ಇದು ಅವಳ ಸ್ವಂತದ್ದು."

*

ಪೆಟ್ಟಿಗೆಯಲ್ಲಿ ಮಲಗಿಸಿದ ಮೇಲೆ ಕುರ್ಚಿಗಳಿಂದ ಎದ್ದವರು ಸಾಲಾಗಿ ಬಂದರು. ಬಂದವರು ಮೊದಲು ಮುಖ ನೋಡಲಿಲ್ಲ, ಬಟ್ಟೆ ನೋಡಿದರು. ಪಿಸುಮಾತು ನಿಂತಿತು. ಛಾಯಾಗ್ರಾಹಕ ಸಂಪಾದಕಿಯ ಕಡೆ ನೋಡಿದ. ಅವಳು ಸವೆದ ಮೊಣಕೈಯ ಮೇಲಿಂದ ಕಣ್ಣು ತೆಗೆಯದೆ ಅಕ್ಕನ ಕಡೆ ಬಾಗಿ, ಇದು ಯಾರ ವಿನ್ಯಾಸ ಎಂದು ಮೆಲ್ಲಗೆ ಕೇಳಿದಳು.

"ಅವಳದೇ," ಎಂದಳು ಅಕ್ಕ.

ಸಂಪಾದಕಿ ಛಾಯಾಗ್ರಾಹಕನ ಕ್ಯಾಮೆರಾವನ್ನು ಕೈಯಿಂದ ಕೆಳಗೆ ಒತ್ತಿದಳು. ಸೋದರಮಾವ ಬಂದ. ಗಾದೆಯವನ ಬಾಯಲ್ಲಿ ಗಾದೆ ಬರಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದು ನಿಂತು, ಮೂಗು ಒರೆಸಿಕೊಂಡು ಸರಿದ.

ವ್ಯಾನು ಬಂದ ಸದ್ದಾಯಿತು. ಮುಚ್ಚಳ ಎತ್ತಿಕೊಂಡು ಇಬ್ಬರು ಕಾಯುತ್ತಿದ್ದರು. ಮಗಳು ಪಕ್ಕಕ್ಕೆ ಸರಿದು ದೊಡ್ಡಮ್ಮನಿಗೆ ಜಾಗ ಬಿಟ್ಟಳು. ಅಕ್ಕ ಕೊನೆಯ ಸಲ ತಂಗಿಯ ತಲೆ ನೇವರಿಸಿದಳು. ಕಿವಿಯ ಹಿಂದೆ, ನರೆಗೂದಲಿನ ಬುಡದಲ್ಲಿ, ಬೆರಳಿಗೆ ಏನೋ ತಾಕಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಗೌನಿನಿಂದ ಕಳಚಿದ ಒಂದು ನೀಲಿ ಮಣಿ ಕೂದಲಿಗೆ ಸಿಕ್ಕಿಕೊಂಡಿತ್ತು.

ಅಕ್ಕನ ಬೆರಳು ಅದನ್ನು ಹಿಡಿಯಿತು. ಉಸ್ತುವಾರಿ ಇನ್ನೂ ವಿಮಾನ ಹತ್ತಿರಲಾರಳು. ಯಾರನ್ನಾದರೂ ಓಡಿಸಿದರೆ ಸಿಗುತ್ತಾಳೆ. ಅಕ್ಕ ತಲೆಯೆತ್ತಿ ಬಾಗಿಲ ಕಡೆ ನೋಡಿದಳು. ಮಗಳ ಮುಖ ನೋಡಿದಳು. ಆಮೇಲೆ ಬೆರಳು ಸಡಿಲಿಸಿ, ಒಂದು ಎಳೆ ಕೂದಲನ್ನು ಮಣಿಯ ಮೇಲೆ ಎಳೆದು ಮುಚ್ಚಿದಳು.

ಮುಚ್ಚಳ ಇಳಿಯುತ್ತಿದ್ದಂತೆ ಅವಳ ತುಟಿ ಅಲ್ಲಾಡತೊಡಗಿತು. ತಂದೆಯೇ, ತಂದದ್ದನ್ನೆಲ್ಲ ಹಿಂದಿರುಗಿಸಿ ಬರುತ್ತಿದ್ದಾಳೆ, ಇದೊಂದನ್ನು ನೀನು ಕೇಳಬೇಡ. ದಣಿದಿದ್ದಾಳೆ. ನನ್ನ ತಂಗಿಗೆ ಶಾಂತಿ ಕೊಡು.