ಸತ್ಯಪ್ರಕಾಶ ಒದ್ದ ಬಾಗಿಲು

ಮೊದಲೇ ಹೇಳಿಬಿಡುತ್ತೇನೆ, ಸತ್ಯಪ್ರಕಾಶ ಎಂಬ ಮನುಷ್ಯ ಎಲ್ಲೂ ಇರಲಿಲ್ಲ. ಅವನನ್ನು ಹುಟ್ಟಿಸಿದವನು ನಾನು. ನನ್ನ ಹೆಸರು ಕೇಶವ, ಊರು ಧಾರವಾಡ, ಕೆಲಸ ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ. ಅರವತ್ತನಾಲ್ಕನೇ ಇಸವಿಯಲ್ಲಿ ಅಹಮದಾಬಾದಿಗೆ ವರ್ಗವಾಗಿ, ಖಾಡಿಯಾದ ಒಂದು ಪೋಳದಲ್ಲಿ ಬಾಡಿಗೆಗಿದ್ದೆ. ಪೋಳ ಎಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟಿನ ಓಣಿ. ಎದುರು ಮನೆಯವರು ಒಗ್ಗರಣೆ ಹಾಕಿದರೆ ನಮಗೆ ಸೀನು ಬರುತ್ತಿತ್ತು.

ಆ ಎದುರು ಮನೆಯ ಚಿಮನಲಾಲ ಬಟ್ಟೆ ಗಿರಣಿಯಲ್ಲಿ ಕೂಲಿಗಳ ಮೇಲಿನ ಮುಕಾದಮ, ಗೂಳಿಯಂಥ ಆಳು. ಹೆಂಡತಿ ಕಾಂತಾಳನ್ನು ಹೊಡೆಯುತ್ತಿದ್ದ. ಎಲ್ಲರಿಗೂ ಕೇಳಿಸುತ್ತಿತ್ತು, ಯಾರೂ ಹೋಗುತ್ತಿರಲಿಲ್ಲ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂದು ನಾನು ಇಂದುಮತಿಗೆ ಹೇಳುತ್ತಿದ್ದೆ. ಇಂದುಮತಿ ನನ್ನ ಹೆಂಡತಿ. ಅವಳು ಆ ಗಾದೆಗೆ ಒಮ್ಮೆಯೂ ಹೂಂಗುಟ್ಟಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಇಂದುಮತಿ ಮಾಣೆಕ್ ಚೌಕಿನ ಪೇಟೆಗೆ ಹೋಗಿದ್ದಳು. ಎದುರು ಮನೆಯಲ್ಲಿ ಶುರುವಾಯಿತು. ಆ ದಿನದ ಕೂಗು ಬೇರೆಯದೇ ಇತ್ತು, ಕುರಿ ಕೊಯ್ದಂತೆ. ನಾನು ಎದ್ದು ಬಾಗಿಲ ತನಕ ಹೋದೆ. ಹೋಗಿ, ಚಿಲಕ ಹಾಕಿದೆ.

ಅಷ್ಟರಲ್ಲಿ ಕೆಳಗಿನ ಕೋಣೆಯ ಜೀವಿಬಾ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಳು. ಜೀವಿಬಾ ಎಪ್ಪತ್ತರ ವಿಧವೆ, ಮೆಹಸಾಣಾ ಕಡೆಯ ಹಳ್ಳಿಯವಳು. ಅವಳ ಮಾತು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಇಂದುಮತಿಗೆ ಮಾತ್ರ ಅವಳ ಜೊತೆ ಗಳಸ್ಯ ಕಂಠಸ್ಯ. ಒಟ್ಟಿಗೆ ಕೂತು ಬೇಳೆ ಆರಿಸುತ್ತ ಇವಳು ಅವಳ ಮಾತು ಕಲಿತಿದ್ದಳು, ಅವಳಿಗೆ ನಾಲ್ಕು ಕನ್ನಡ ಪದ ಕಲಿಸಿದ್ದಳು.

"ಕೇಶವಭಾಯ್, ಓ ಕೇಶವಭಾಯ್."

ನಾನು ಉಸಿರು ಬಿಗಿಹಿಡಿದು ನಿಂತೆ. ಕೈ ಚಿಲಕದ ಮೇಲೇ ಇತ್ತು. ಆ ಕಡೆಯಿಂದ ಜೀವಿಬಾ ಮೆಲ್ಲಗೆ ಒಂದು ಮಾತು ಅಂದಳು. ಕೊನೆಯ ಪದ ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು: ಹೇಡಿ.

ಆಮೇಲೆ ಅವಳು ಬಟ್ಟೆ ಒಗೆಯುವ ಕೊಡತಿ ಹಿಡಿದು ಎದುರು ಮನೆಗೆ ಒಬ್ಬಳೇ ಹೋದಳು. ಮುರುಕಲು ಬಾಗಿಲನ್ನು ಅದರಿಂದಲೇ ಬಡಿದು ತೆರೆದಳು. ಇಬ್ಬರ ನಡುವೆ ನಿಂತಳು. ಚಿಮನಲಾಲ ತಳ್ಳಿದ್ದಕ್ಕೆ ಬಿದ್ದು ಬಲಗೈ ಮುರಿಯಿತು. ಆದರೂ ಕಾಂತಾಳನ್ನು ಎಳೆದುಕೊಂಡು ತನ್ನ ಕೋಣೆಗೆ ಬಂದಳು, ಮರುದಿನ ತವರಿನ ಬಸ್ಸು ಹತ್ತಿಸಿದಳು. ಮುದುಕಿಯ ಕೈ ಮುರಿದದ್ದು ಪೋಳಕ್ಕೆಲ್ಲ ಗೊತ್ತಾಗಿ ಚಿಮನಲಾಲ ತಲೆ ಎತ್ತದಂತಾದ.

ಸಂಜೆ ಇಂದುಮತಿ ಕೇಳಿದಳು. "ನೀವು ಮನ್ಯಾಗೇ ಇದ್ರಲ್ಲ?"

"ನಿದ್ದಿ ಹತ್ತಿತ್ತು."

ಅವಳು ಮೂಲೆಯ ಕಡೆ ನೋಡಿದಳು. "ಹಾಸಿಗಿ ಸುತ್ತಿಟ್ಟಂಗ ಅದ. ಎಲ್ಲೆ ಮಲಗಿದ್ರಿ?"

ಆವತ್ತಿನಿಂದ ಜೀವಿಬಾ ಕಂಡರೆ ನಾನು ದಾರಿ ತಪ್ಪಿಸುತ್ತಿದ್ದೆ. ಆ ಪದವನ್ನು ಅವಳಿಗೆ ನನ್ನ ಹೆಂಡತಿಯೇ ಕಲಿಸಿರಬೇಕು, ಬೇಳೆ ಆರಿಸುವಾಗ ನನ್ನ ಬಗ್ಗೆಯೇ ಮಾತಾಗಿರಬೇಕು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನಮ್ಮದೊಂದು ಕನ್ನಡ ಬಳಗವಿತ್ತು, ಅದಕ್ಕೊಂದು ಕೈಬರಹದ ಪತ್ರಿಕೆ. ಇರುವುದು ಒಂದೇ ಪ್ರತಿ. ಅಹಮದಾಬಾದಿನ ಮನೆಗಳನ್ನು ಸುತ್ತಿ, ರೈಲ್ವೆ ಗಾರ್ಡ್ ಬಸವರಾಜನ ಪೆಟ್ಟಿಗೆಯಲ್ಲಿ ಬರೋಡಾಕ್ಕೆ, ಅಲ್ಲಿಂದ ಸೂರತ್ತಿಗೆ ಹೋಗಿ ವಾಪಸು ಬರುತ್ತಿತ್ತು. ಓದಿದವರು ಅಭಿಪ್ರಾಯ ಬರೆಯಲೆಂದು ಕೊನೆಯಲ್ಲಿ ಖಾಲಿ ಹಾಳೆ ಬಿಟ್ಟಿರುತ್ತಿದ್ದರು. ಸಂಪಾದಕರು ಮೈಸೂರಿನ ಪಟ್ಟಾಭಿರಾಮಯ್ಯನವರು.

"ಈ ಸಲ ಶೌರ್ಯದ ವಿಶೇಷಾಂಕ. ಒಂದು ಕಥೆ ಕೊಡಿ," ಎಂದರು.

"ಹೇಡಿಯ ಕಥೆ ಬರೆದರೆ ಆಗದೇನು ಸಾರ್?" ಎಂದೆ, ತಮಾಷೆಯೆಂಬಂತೆ.

"ಹೇಡಿ ಕಥೇನ ಯಾರು ಓದ್ತಾರೆ ಸ್ವಾಮಿ? ಸಾಹಿತ್ಯ ಅಂದ್ಮೇಲೆ ಓದಿದೋನ ಎದೆ ಉಬ್ಬಬೇಕು."

ಉಬ್ಬಿಸಿದೆ. ನನ್ನ ಕಥೆಯಲ್ಲಿ ಸತ್ಯಪ್ರಕಾಶ ಒಂದೇ ಒದೆತಕ್ಕೆ ಬಾಗಿಲು ಮುರಿದ, ಗೂಳಿಯಂಥ ಗಂಡಸನ್ನು ಕಾಲಿಗೆ ಬೀಳಿಸಿಕೊಂಡ. ಜೀವಿಬಾಳನ್ನು ಹೊಸ್ತಿಲಲ್ಲಿ ನಡುಗುತ್ತ ನಿಲ್ಲಿಸಿದೆ. ಅವಳ ಬಾಯಲ್ಲಿ 'ಮಗನೇ, ನೀನೇ ದೇವರು' ಎಂದೂ ಅನ್ನಿಸಿದೆ. ಬರೆಯುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಗೆಟ್ಟವನಿಗೆ.

ಪಟ್ಟಾಭಿರಾಮಯ್ಯನವರ ಮನೆಯಲ್ಲಿ ಕಥೆ ಓದಿದೆ. ಎಲ್ಲರೂ ಹೊಗಳಿ ಹೊನ್ನಶೂಲಕ್ಕೇರಿಸಿದರು. ಬ್ಯಾಂಕಿನವರೊಬ್ಬರ ಹೆಂಡತಿ ರಮಾಮಣಿ ಇಂದುಮತಿಯನ್ನು ಕೇಳಿದರು. "ಇದು ನಿಮ್ಮ ಪೋಳದಲ್ಲೇ ನಡೆದದ್ದಾ?"

"ನಡದದ್ದು ಖರೇ ಅದರಿ," ಎಂದಳು ಇಂದುಮತಿ. "ಹೆಸರಷ್ಟ ಬ್ಯಾರೆ."

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನು ವಿನಯವೆಂದು ತಿಳಿದರು.

ಎರಡು ತಿಂಗಳಿಗೆ ಪತ್ರಿಕೆ ವಾಪಸು ಬಂತು. ಬರೋಡಾದ ಮಲ್ಲಿಕಾರ್ಜುನ ಎಂಬವರು 'ಓಣಿಗೊಬ್ಬ ಸತ್ಯಪ್ರಕಾಶ ಬೇಕು' ಎಂದು ಬರೆದಿದ್ದರು. ಅದನ್ನು ಮೂರು ಸಲ ಓದಿದೆ. ಅದರ ಕೆಳಗೆ ಸೂರತ್ತಿನ ನಳಿನಿ ಎಂಬವರ ಸಣ್ಣ ಅಕ್ಷರಗಳಿದ್ದವು: 'ನಮ್ಮ ಮೇಲಿನ ಮನೆಯಲ್ಲೂ ಹೀಗೆಯೇ ನಡೆಯುತ್ತಿದೆ. ಯಜಮಾನರಿಗೆ ಕಥೆ ಓದಿ ಹೇಳಿದೆ. ಇದೆಲ್ಲ ಕಥೆಯಲ್ಲಷ್ಟೇ ಆಗುವುದು ಎಂದರು. ನಾನೊಬ್ಬಳೇ ಹೋಗಲು ಧೈರ್ಯ ಸಾಲದು. ಇದು ನಿಜವಾಗಿ ನಡೆದದ್ದೇ? ಲೇಖಕರು ತಿಳಿಸಿದರೆ ದೊಡ್ಡ ಉಪಕಾರ.'

ಇಂದುಮತಿಯೂ ಓದಿದಳು. ಹಾಳೆಯ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು. "ಆಕಿಗೆ ಉತ್ತರಾ ಕೊಡ್ರಿ. ಅದಕ್ಕ ಮೊದಲ ಜೀವಿಬಾನ ಮುಂದ ಹೋಗಿ ಕೂಡ್ರಿ."

"ಆಕಿ ನನ್ನ ಹೇಡಿ ಅಂದಾಳ. ನೀನೇ ಕಲಿಸೀದಿ."

"ನಾನು? ಯಾವಾಗ ಅಂದಳು?"

ಹೇಳಿದೆ. ಚಿಲಕದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಕೈಹಿಡಿದು ಕೆಳಗೆ ಕರೆದುಕೊಂಡು ಹೋದಳು. ಜೀವಿಬಾ ಎಡಗೈಯಲ್ಲಿ ಬೇಳೆ ಆರಿಸುತ್ತಿದ್ದಳು. ಬಲಗೈ ಸೊಟ್ಟಗೆ ಕೂಡಿಕೊಂಡು ಮಡಿಲಲ್ಲಿ ಬಿದ್ದಿತ್ತು. ಇಂದುಮತಿ ಕೇಳಿದ್ದಕ್ಕೆ ಮುದುಕಿ ಏನೋ ಹೇಳಿ, ಬೊಚ್ಚುಬಾಯಿ ಬಿಟ್ಟು ನಕ್ಕಳು. ಇಂದುಮತಿ ನಗಲಿಲ್ಲ.

"ಹೇಡಿ ಅಲ್ರಿ, ಹೇಂಡಿ. ಅವರ ಹಳ್ಳಿ ಕಡೆ ಹೇಂಡಿ ಅಂದ್ರ ಹೊಂಟೆ ಅಂತ. ನೀವು ಬಾಗಲಾ ತಗೀಲಿಲ್ಲ, 'ಹಂಗಾರ ನಾ ಹೊಂಟೆ' ಅಂದಳು, ಅಷ್ಟ. ಗಂಡಸಾದ್ರ ಹೇಂಡ್ಯೋ ಅಂತಾನಂತ."

"ನಾ ಒಳಗಿದ್ದದ್ದು ಆಕಿಗೆ ಗೊತ್ತಿತ್ತೇನು?"

"ಚಿಲಕಾ ಹಾಕಿದ ಸಪ್ಪಳಾ ಕೇಳಿತ್ತಂತ. ಹೊರಗಿನವರು, ಪಾಪ, ಅಂಜಿರಬೇಕು ಅಂದುಕೊಂಡಳಂತ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ. ಆ ಪದವನ್ನು ನನಗೆ ಅಂದವನು ನಾನೇ. ಅವಳು ಬೈದಿದ್ದರೆ ತಿರುಗಿ ಸಿಟ್ಟಾದರೂ ಮಾಡಬಹುದಿತ್ತು. ಪಾಪ ಅಂದವಳ ಮೇಲೆ ಏನು ಮಾಡಲಿ? ಅವಳ ಸೊಟ್ಟ ಕೈಯನ್ನು ನೋಡುತ್ತ ಕೂತೆ. ಇಂದುಮತಿಯ ಬಾಯಿಂದ ಕಥೆಯ ವಿಷಯವನ್ನೂ ಹೇಳಿಸಿದೆ. ಅವಳಿಗೆ ಅದೇನೂ ದೊಡ್ಡದೆನಿಸಲಿಲ್ಲ. ಉಂಡು ಹೋಗು ಎಂದಳು.

ಮೇಲೆ ಬಂದು ನಳಿನಿಯವರ ಅಕ್ಷರಗಳ ಕೆಳಗೆ ಬರೆದೆ: 'ಇದು ನಡೆದದ್ದು ನಿಜ. ಬಾಗಿಲು ಮುರಿದು ಒಳಗೆ ಹೋದವಳು ಎಪ್ಪತ್ತು ವರ್ಷದ ಜೀವಿಬಾ, ಒಬ್ಬಳೇ. ಅವಳ ಕೈ ಮುರಿಯಿತು, ಕಾಂತಾ ಬದುಕಿದಳು. ಅವಳು ಮೊದಲು ನನ್ನನ್ನು ಕರೆದಳು. ನಾನು ಮನೆಯಲ್ಲೇ ಇದ್ದೆ, ಚಿಲಕ ಹಾಕಿಕೊಂಡು.' ಕೆಳಗೆ ಸಹಿ ಹಾಕಿದೆ. ಹಾಕಿದ ಮೇಲೆ ಸಮಾಧಾನವಾಯಿತು. ಸುತ್ತು ಮುಗಿದ ಪತ್ರಿಕೆ ಪಟ್ಟಾಭಿರಾಮಯ್ಯನವರ ಟ್ರಂಕು ಸೇರುತ್ತದೆ, ಮತ್ತೆ ಯಾರೂ ತೆರೆಯುವುದಿಲ್ಲ. ಆ ಸಮಾಧಾನ ಯಾವ ಜಾತಿಯದೆಂದು ಇಂದುಮತಿ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

"ಟ್ರಂಕಿನ್ಯಾಗಿಂದ ಸೂರತ್ತಿನಾಕಿ ಹ್ಯಾಂಗ ಓದ್ಯಾಳು?" ಎಂದಳು.

ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದು ಕಾಲೂಪುರ ಸ್ಟೇಶನ್ನಿಗೆ ಹೋದೆ. ಬಸವರಾಜ ಗಾಡಿಯ ಕೊನೆಯ ಡಬ್ಬಿಯ ಹತ್ತಿರ ನಿಂತಿದ್ದ. ಕಥೆ ಓದಿದಂದಿನಿಂದ ಅವನು ನನ್ನನ್ನು ಕಂಡರೆ ದೂರದಿಂದಲೇ ಕೈಮುಗಿಯುತ್ತಿದ್ದ. ಅವತ್ತೂ ಮುಗಿದ.

"ಇದು ಎಲ್ಲಾರದೂ ಓದಿ ಆಗೇದಲ್ರಿ ಸಾಹೇಬ್ರ?"

"ಮತ್ತೊಮ್ಮೆ ಹೋಗಬೇಕು. ಬರೋಡಾಕ್ಕೂ ಕೊಡು, ಸೂರತ್ತಿಗೂ ಕೊಡು. ಕಡೀ ಹಾಳಿ ಓದ್ಲಿಕ್ಕೆ ಹೇಳು."

ಅವನು ಅಲ್ಲೇ ತೆರೆದು ಕೊನೆಯ ಹಾಳೆ ಓದಿದ. ತುಟಿ ಅಲ್ಲಾಡಿಸುತ್ತ, ನಿಧಾನವಾಗಿ. ನಾನು ಅವನ ಹಸಿರು ಬಾವುಟ ನೋಡುತ್ತ ನಿಂತೆ. ಓದಿ ಮುಗಿಸಿ, ಪತ್ರಿಕೆಯನ್ನು ಪೆಟ್ಟಿಗೆಯಲ್ಲಿಟ್ಟು, ಸೀಟಿ ಊದಿ ಗಾಡಿ ಹತ್ತಿದ. ಗಾಡಿ ಹೊರಟಿತು. ಅವನು ಕೈಮುಗಿಯಲಿಲ್ಲ. ಮುಗಿಯಬಹುದೆಂದು ಗಾಡಿ ಪ್ಲಾಟ್‌ಫಾರ್ಮಿನ ತುದಿ ದಾಟುವ ತನಕ ನೋಡುತ್ತ ನಿಂತಿದ್ದೆ, ಅದನ್ನೂ ಬರೆದುಬಿಡುತ್ತೇನೆ.