ಬಾಯಲ್ಲಿ ಕೂಗಿದ ಭೋಂಗಾ

ಗಂಗಾವತಿಯ ಕೊಟ್ರಬಸಪ್ಪನ ಅಕ್ಕಿ ಮಿಲ್ಲಿನಲ್ಲಿ ಅವತ್ತು ಬೆಳಿಗ್ಗೆ ಹತ್ತಕ್ಕೇ ಊಟದ ಭೋಂಗಾ, ಅಂದರೆ ಸೈರನ್ನು, ಕೂಗಿತು. ಹಮಾಲರು ಚೀಲ ಇಳಿಸಿ ಬುತ್ತಿ ಬಿಚ್ಚಿದರು. ಗಡಿಯಾರ ನೋಡುವ ತಂಟೆಗೆ ಯಾರೂ ಹೋಗಲಿಲ್ಲ. ಊಟ ಬೇಗ ಬಂದರೆ ಬೇಡ ಅನ್ನುವವರು ಯಾರು?

ಕೂಗಿಸಿದವಳು ಗೀತಾ. ಹಿಟ್ನಾಳದ ತನ್ನ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಅವಳಿಗೇ ಅದು ಗೊತ್ತಿರಲಿಲ್ಲ. ಮಿಲ್ಲಿನ ಭೋಂಗಾ ಹೊತ್ತಿಗೆ ಸರಿಯಾಗಿ ತಾನೇ ಕೂಗುವಂತೆ ಪ್ರೋಗ್ರಾಮು ಬರೆಯುವುದು, ಡಿಪ್ಲೊಮಾ ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ. ಇಪ್ಪತ್ತು ವರ್ಷ ಭೋಂಗಾದ ಹಗ್ಗ ಜಗ್ಗಿದ ಬಾಬಾಸಾಬ, ಮೊಣಕಾಲು ನೋವಿಗೆ ಮೆಟ್ಟಿಲು ಹತ್ತಲಾರದೆ, ಧಣಿಗೆ ಹೇಳಿ ಅವಳಿಗೆ ಅದನ್ನು ಕೊಡಿಸಿದ್ದ.

ಕೊಟ್ರಬಸಪ್ಪ ಫೋನಿನಲ್ಲಿ ಹಾರಾಡಿದ. "ಏನವ್ವಾ ತಂಗಿ, ಹತ್ತಕ್ಕ ಉಣ್ಣಾಕ ಹಚ್ಚೀದಲ್ಲ! ಇನ್ನೊಮ್ಮೆ ಹಿಂಗಾತಂದ್ರ ನಿನ್ನ ಪ್ರೋಗ್ರಾಮು ತಗದು ಒಗೀತೀನಿ. ಬಾಬಾಸಾಬನ ಮತ್ತ ಮೆಟ್ಟಲಾ ಹತ್ತಲಿ."

ಗೀತಾ ಪ್ರೋಗ್ರಾಮು ತೆರೆದು ನೋಡಿದಳು. ಮೊದಲು ಪ್ರೋಗ್ರಾಮೆಲ್ಲ ಒಂದೇ ಉದ್ದ ಫೈಲು. ಇದು ಕೆಲಸದ ಹೊತ್ತೋ, ಊಟದ ಹೊತ್ತೋ, ಚಹಾದ ಹೊತ್ತೋ ಎಂದು ಸಾಲುಸಾಲಿಗೆ ಕೇಳಿಕೊಳ್ಳುತ್ತಿತ್ತು. ಅದನ್ನು ಓದಿ ಓದಿ ಬೇಸತ್ತು, ಹಿಂದಿನ ದಿನವಷ್ಟೇ ಹೊತ್ತಿಗೊಂದು ತುಂಡು, ಅಂದರೆ ಕ್ಲಾಸ್, ಮಾಡಿ ಬೇರೆ ಬೇರೆ ಇಟ್ಟಿದ್ದಳು. ಇವತ್ತು ಊಟದ ಕ್ಲಾಸನ್ನು ಸರಿಯಿದೆಯೇ ಎಂದು ಸುಮ್ಮನೆ ಓಡಿಸಿ ನೋಡಿದ್ದಳು, ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಗಂಗಾವತಿಗೆ ಹೋಗಿ ಬಾಬಾಸಾಬನ ಮುಂದೆ ತಲೆ ತಗ್ಗಿಸಿ ನಿಂತಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಮಾಲ್ರು ನಿನಗ ಭಾಳ ದುವಾ ಮಾಡ್ಯಾರ. ಆದದ್ದರ ಏನು?"

"ಒಂದೊಂದು ಕ್ಲಾಸೂ ತನ್ನೊಳಗ ತಾನ ಭೋಂಗಾ ಜೋಡಿಸಿಕೊಂಡು ಕುಂತೈತಿ, ಕಾಕಾ. ಮನ್ಯಾಗ ಓಡಿಸಿದ್ರೂ ಇಲ್ಲಿ ಕೂಗತೈತಿ. ಭೋಂಗಾ ಬಿಚ್ಚಿದ್ರ ಕ್ಲಾಸು ಕೆಲಸಕ್ಕ ಬರಂಗಿಲ್ಲ."

"ಅವಕ್ಕ್ಯಾಕ ಸ್ವಂತ ಭೋಂಗಾ? ಹಮಾಲ್ರ ಮ್ಯಾಲಿನ ನಮ್ಮ ಮುಕಾದಮರು ಊಟಾ, ಚಹಾ ಅಂತ ಹೇಳತಿದ್ರು, ಹಗ್ಗ ಮುಟ್ಟತಿದ್ದಿಲ್ಲ. ಧಣಿ ಯಾರನ್ನ ಹಗ್ಗಕ್ಕ ನಿಲ್ಲಿಸಿದ್ರೋ ಅವರಿಗೆ ಹೇಳಾದು. ಹೊಸ ಮುಕಾದಮ ಕಲಿಯಾಕ ಬಂದ್ರ ನಾ ಹಗ್ಗ ಜಗ್ಗತಿದ್ದಿಲ್ಲ, ಬಾಯಲೇ 'ಭೋಂ' ಅಂತಿದ್ದೆ. ಅವಂಗ ಅಷ್ಟ ಸಾಕು."

ಗೀತಾ ಅಲ್ಲೇ ಒಂದು ಚೀಲದ ಮೇಲೆ ಕೂತು ಲ್ಯಾಪ್‌ಟಾಪ್ ತೆಗೆದಳು. ಕ್ಲಾಸುಗಳ ಒಳಗಿದ್ದ ಭೋಂಗಾಗಳನ್ನೆಲ್ಲ ಕಿತ್ತಳು. ಇನ್ನು ಮೇಲೆ ಕ್ಲಾಸನ್ನು ಹುಟ್ಟಿಸುವವರೇ ಅದರ ಕೈಗೆ ಭೋಂಗಾ ಕೊಡಬೇಕು. ಮಿಲ್ಲಿನಲ್ಲಿ ನಿಜವಾದದ್ದು, ಪರೀಕ್ಷೆಗೆ ಸುಳ್ಳಿನದು, ತೆರೆಯ ಮೇಲೆ 'ಭೋಂ' ಎಂದು ಬರೆದು ಸುಮ್ಮನಾಗುವುದು. ಪುಸ್ತಕದಲ್ಲಿ ಇದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನುತ್ತಾರೆ. ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಪೂರಾ ಅಂಕ ಹೊಡೆದಿದ್ದಳು. ಅರ್ಥವಾದದ್ದು ಮಾತ್ರ ಈ ಚೀಲದ ಮೇಲೆ ಕೂತಾಗ.

ಸಂಜೆಯವರೆಗೆ ಊಟದ ಕ್ಲಾಸನ್ನು ನಲವತ್ತು ಸಲ ಓಡಿಸಿದಳು. ಮಿಲ್ಲಿನ ಭೋಂಗಾ ಕಮಕ್ ಕಿಮಕ್ ಅನ್ನಲಿಲ್ಲ. ಮರುದಿನ ಸರಿಯಾಗಿ ಒಂದಕ್ಕೆ ಕೂಗಿತು.

ಕೊಟ್ರಬಸಪ್ಪ ತಾನೇ ಫೋನು ಮಾಡಿದ. "ನಮ್ಮ ಕುಷ್ಟಗಿ ಎಣ್ಣಿ ಮಿಲ್ಲಿಗೂ ಇದನ್ನ ಹಾಕವ್ವಾ. ಆದ್ರ ಅಲ್ಲಿ ಭೋಂಗಾ ಇಲ್ಲ, ಕರೆಂಟಿನ ಗಂಟಿ ಐತಿ. ಎಲ್ಲಾ ಮೊದಲಿಂದ ಬರಿಯಾಕ ತಿಂಗಳು ಬೇಕೇನು?"

"ಇಲ್ರಿ ಧಣೇರ. ಈ ಕ್ಲಾಸಿನ ಕೈಗೆ ಭೋಂಗಾ ಬದ್ಲಿ ಆ ಗಂಟಿ ಕೊಟ್ರ ಆತು," ಅಂದಳು ಗೀತಾ. ನಗು ತಡೆಯಲಾಗಲಿಲ್ಲ. "ನಾಳೆ ಮುಂಜಾನಿ ಬಸ್ಸಿಗೆ ಹೋಗಿ, ಉಣ್ಣೂದ್ರಾಗ ಮುಗಸ್ತೀನ್ರಿ."