ಕಿನ್ನರದ ಬಾವಿ

ಪೊಲೀಸನಾಗಿದ್ದ ಗಂಡ ತೀರಿಕೊಂಡ ಮೇಲೆ ಶೇವಂತಿಗೆ ಕಾರವಾರದ ಠಾಣೆಯಲ್ಲೇ ಕೆಲಸ ಸಿಕ್ಕಿತ್ತು. ಗಂಡಸರು ಕಾಲಿಡಲಾಗದ ಅಡುಗೆಮನೆಗಳಿಗೆ ಹೋಗಿ ಹೆಂಗಸರನ್ನು ವಿಚಾರಿಸಿ, ತಿಳಿದದ್ದನ್ನು ಫೌಜದಾರರಿಗೆ ಹೇಳುವುದು. ೧೯೩೬ರ ಶ್ರಾವಣದಲ್ಲಿ ಹತ್ತಿರದ ಕಿನ್ನರ ಹಳ್ಳಿಯ ಬಾವಿಯಿಂದ ಎತ್ತಿದ ಹೆಣದ ಮುಖ ನೋಡಿದ ಕೂಡಲೇ ಅವಳಿಗೆ ಗುರುತು ಸಿಕ್ಕಿತು. ಅದು ಅಂಕೋಲೆಯಿಂದ ಆ ಹಳ್ಳಿಗೆ ಸೊಸೆಯಾಗಿ ಬಂದಿದ್ದ ಹುಡುಗಿ ಹೊನ್ನಿ. ತಿಂಗಳ ಹಿಂದೆ ಠಾಣೆಗೆ ಬಂದು, ಗಂಡ ಹೊಡೆಯುತ್ತಾನೆಂದು ಶೇವಂತಿಯೊಬ್ಬಳ ಮುಂದೆ ಅತ್ತಿದ್ದಳು. ಇವಳೇ ಬುದ್ಧಿ ಹೇಳಿ ಹಿಂದಕ್ಕೆ ಕಳಿಸಿದ್ದಳು.

"ನೀರು ಸೇದೂಕೆ ಹೋಗಿ ಜಾರಿ ಬಿತ್ತು," ಎಂದಳು ಹೊನ್ನಿಯ ಅತ್ತೆ.

ಶೇವಂತಿ ಅವರ ಅಡುಗೆಮನೆಗೆ ಹೋಗಿ ನೋಡಿದಳು. ಕೊಡ ಬೋರಲಾಗಿ ಒಣಗಿತ್ತು, ಹಗ್ಗ ಗೂಟದಲ್ಲಿತ್ತು.

"ಕೊಡ ಬಿಟ್ಟು, ಹಗ್ಗ ಬಿಟ್ಟು ಎಂತದ್ರಲ್ಲಿ ಸೇದೂಕೆ ಹೋಗಿತ್ತು, ಅಮ್ಮಾ?"

ಮುದುಕಿ ಒಲೆಯ ಕಡೆ ತಿರುಗಿದಳು. ಶೇವಂತಿ ಅಲ್ಲೇ ನೆಲದ ಮೇಲೆ ಕುಳಿತವಳು ಏಳಲೇ ಇಲ್ಲ. ಕೊನೆಗೆ ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡು, "ಮಗ ಹೊಡ್ದ. ಮತ್ತೆ ಏಳ್ಲೇ ಇಲ್ಲ. ಅವ್ನೇ ಹೊತ್ಕಂಡು ಹೋಗಿ ಹಾಕ್ದ," ಎಂದಳು.

ಮಗನಿಗೆ ಬೇಡಿ ಬಿತ್ತು. "ಶಾಭಾಸ್, ಶೇವಂತಿಬಾಯಿ," ಎಂದರು ಫೌಜದಾರರು. ಶೇವಂತಿ ತಲೆ ಎತ್ತಲಿಲ್ಲ.

ಸಂಜೆ ಹೊನ್ನಿಯ ತಾಯಿ ಅಂಕೋಲೆಯಿಂದ ಬಂದು ಅವಳ ಕೈ ಹಿಡಿದುಕೊಂಡಳು. "ನೀನೊಬ್ಳು ಸತ್ಯ ಹೊರಗೆ ಹಾಕ್ದೆ, ತಂಗಿ. ಯಾರ ಹತ್ರಾದ್ರೂ ಒಂದು ಮಾತು ಹೇಳಿದ್ರೆ ಬದುಕ್ತಿತ್ತೇನೋ ನನ್ನ ಮಗಳು."

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಹೇಳಿತ್ತು, ಅಕ್ಕಾ," ಎಂದಳು ಶೇವಂತಿ. "ನನ್ನ ಹತ್ರಾನೇ ಹೇಳಿತ್ತು. ಹೊಂದ್ಕಂಡು ಹೋಗು ಅಂತ ನಾನೇ ತಿರುಗಿ ಕಳ್ಸ್ದೆ."

ತಾಯಿ ಕೈ ಬಿಟ್ಟಳು. ಮಗಳ ಬಟ್ಟೆಯ ಗಂಟನ್ನು ಎತ್ತಿಕೊಂಡು ದೂರ ಸರಿದು ಕುಳಿತಳು.